ಮೊಣಕೈ ಅಳತೆ

ನಮ್ಮ ಬಾವನವರು ತೀರಿಕೊಂಡು ವರ್ಷ ಕಳೆಯಿತು. ಊರಿನಲ್ಲಿ ಯಾರನ್ನು ಕೇಳಿದರೂ ‘ದೇವರಂಥ ಮನುಷ್ಯ’ ಎನ್ನುತ್ತಾರೆ. ಸತ್ತ ಮೇಲೆ ಎಲ್ಲರೂ ದೇವರಂಥವರೇ, ಬಿಡಿ. ಬದುಕಿದ್ದಾಗ ಅವರ ಗಂಟಲು ಕೇಳಿದವರು ನಾವು. ನಾನಂತೂ ಆ ಮಾತು ಹೇಳಲಾರೆ. ದೇವರಂಥವರಾಗಿದ್ದರೆ ಒಂದೇ ಮನೆಗೆ ಸೊಸೆಯರಾಗಿ ಬಂದ ಇಬ್ಬರಲ್ಲಿ ಒಬ್ಬಳಿಗೆ ಮಾತ್ರ ಅಂಥ ಅಡುಗೆಮನೆ ಮಾಡಿಕೊಟ್ಟು, ಇನ್ನೊಬ್ಬಳು ಅದನ್ನು ಕಿಟಕಿಯಲ್ಲಿ ನಿಂತು ನೋಡುವ ಹಾಗೆ ಮಾಡುತ್ತಿದ್ದರೇ? ಆ ಇನ್ನೊಬ್ಬಳು ನಾನು.

ಬಾವ ಎಂದರೆ ನನ್ನ ಗಂಡನ ಅಣ್ಣ. ಅವರ ಹೆಂಡತಿ ನನಗೆ ವಾರಗಿತ್ತಿ, ನಾನು ಅಕ್ಕ ಎನ್ನುತ್ತೇನೆ. ಪಾಂಡವಪುರದಿಂದ ತೊಣ್ಣೂರಿಗೆ ಹೋಗುವ ಕಡೆ ನಮ್ಮ ಊರು. ಅಕ್ಕ ನಾಗಮಂಗಲದ ಕಡೆಯವಳು, ಎತ್ತರದ ಆಳು, ರಾಗಿ ಉಂಡು ಬೆಳೆದ ತೋಳು. ನಾನು ಪಾಲಹಳ್ಳಿಯವಳು, ನಾಲೆ ನೀರು ಕಂಡವಳು, ಪ್ರೈಮರಿ ಶಾಲೆಯಲ್ಲಿ ಟೀಚರು. ಓದು, ಸಂಬಳ, ಬಣ್ಣ ಎಲ್ಲದರಲ್ಲೂ ನಾನೇ ಒಂದು ಕೈ ಮೇಲು ಅಂತ ಈ ಮನೆಗೆ ಕಾಲಿಟ್ಟ ದಿನದಿಂದ ನನ್ನ ಲೆಕ್ಕ. ಎತ್ತರದಲ್ಲಿ ಮಾತ್ರ ನಾನು ಅವಳ ಭುಜಕ್ಕೆ ಬರುತ್ತೇನೆ. ಅದೊಂದನ್ನು ಯಾರೂ ನೆನಪಿಸದಿದ್ದರೆ ನಾನು ಚೆನ್ನಾಗಿಯೇ ಇರುತ್ತೇನೆ.

ಬಾವ ಸಕ್ಕರೆ ಕಾರ್ಖಾನೆಯೊಂದರಲ್ಲಿ ಫಿಟ್ಟರಾಗಿದ್ದರು. ಇಡೀ ದಿನ ಮಿಷನ್ನುಗಳ ಸದ್ದಿನಲ್ಲಿ ಕೂಗಿ ಕೂಗಿ ಮಾತಾಡಿದ ಮನುಷ್ಯ ಮನೆಯಲ್ಲಿಯೂ ಹಾಗೇ ಮಾತಾಡುತ್ತಿದ್ದರು. ‘ಉಪ್ಪು ಕಮ್ಮಿ’ ಎಂದರೆ ಬೀದಿಯ ಕೊನೆಯ ಮನೆಯವರಿಗೂ ನಮ್ಮ ಸಾರಿನ ಸಮಾಚಾರ ಗೊತ್ತಾಗುತ್ತಿತ್ತು. ಕಿವಿಯ ಮೇಲೆ ಒಂದು ಪೆನ್ಸಿಲು ಯಾವಾಗಲೂ. ಯಾವ ವಸ್ತು ಕಂಡರೂ ಬೆರಳ ಗಂಟಿನಿಂದ ಕುಟ್ಟಿ, ತಲೆ ವಾಲಿಸಿ ಕಿವಿಗೊಟ್ಟು ಕೇಳುವುದು ಇನ್ನೊಂದು ಚಾಳಿ. ಬಾಗಿಲು, ಮಂಚ, ಕಲ್ಲಂಗಡಿ, ಬೀಗರ ಮನೆಯ ಸೋಫಾ, ಯಾವುದನ್ನೂ ಬಿಟ್ಟವರಲ್ಲ. ಮಗಳನ್ನು ಕೊಡಲು ಕೆ.ಆರ್. ಪೇಟೆಗೆ ಮನೆ ನೋಡಲು ಹೋದಾಗ ಗಂಡಿನ ಜೊತೆ ಎರಡು ಮಾತಾಡದೆ ಮನೆಯ ಕಂಬಗಳನ್ನೆಲ್ಲ ಕುಟ್ಟಿ ಬಂದಿದ್ದರು. ಕಂಬ ಗಟ್ಟಿಯಾಗಿದ್ದವು, ಸಂಬಂಧ ಆಯಿತು.

ನಮ್ಮ ಕಡೆ ಮನೆ ಪಾಲಾಗುವಾಗ ಒಂದು ಪದ್ಧತಿಯಿದೆ. ದೊಡ್ಡವನು ಪಾಲು ಮಾಡಬೇಕು, ಚಿಕ್ಕವನು ಮೊದಲು ಆರಿಸಿಕೊಳ್ಳಬೇಕು. ತನಗೆ ಯಾವುದು ಉಳಿಯುತ್ತದೋ ಗೊತ್ತಿಲ್ಲದವನು ಸಮನಾಗಿಯೇ ಮಾಡುತ್ತಾನೆ ಎಂದು ಹಿರಿಯರ ಉಪಾಯ. ಬಾವ ಮನೆಯನ್ನು ಎರಡು ಮಾಡಿದರು. ರಸ್ತೆಯ ಕಡೆಗೆ ತಾರಸಿ ಹಾಕಿದ ಹೊಸ ಕೋಣೆಗಳದ್ದು ಒಂದು ಪಾಲು. ಹಿಂದೆ ಹಳೇ ಹೆಂಚಿನ ಅಡುಗೆಮನೆ, ಅದರ ಪಕ್ಕದ ಕೋಣೆಗಳು, ಹಿತ್ತಲು, ಹಿತ್ತಲಲ್ಲಿದ್ದ ಮುದಿ ಹಲಸಿನ ಮರ ಸೇರಿ ಇನ್ನೊಂದು. ಊರ ದೊಡ್ಡವರು ಕೂತಿದ್ದರು. ನನ್ನ ಗಂಡ ಬಾಯಿ ತೆರೆಯುವ ಮೊದಲು ನನ್ನ ಕಡೆ ನೋಡಿದರು. ನಾನು ಕಣ್ಣಿನಲ್ಲಿಯೇ ರಸ್ತೆ ಕಡೆ ತೋರಿಸಿದೆ. ಮಸಿ ಹಿಡಿದ ಗೋಡೆ, ನೆಲದ ಒಲೆ, ಸಾಮಾನಿಡಲು ಗೋಡೆಯಲ್ಲಿ ಒಂದು ಗೂಡು. ಇಷ್ಟಿದ್ದ ಅಡುಗೆಮನೆಯನ್ನು ಬುದ್ಧಿ ಇರುವವರು ಆರಿಸುತ್ತಾರೆಯೇ? ಬಾವ ಎದ್ದು ಹೋಗಿ ಹಲಸಿನ ಮರವನ್ನು ಕುಟ್ಟಿ ನೋಡಿದರು. ನಾನು ಆ ದಿನ ಗೆದ್ದೆ ಅಂದುಕೊಂಡು ಪಾಯಸ ಮಾಡಿದೆ.

ಆ ಮರ ಹೆಂಚಿನ ಮೇಲೆ ವಾಲಿಕೊಂಡಿತ್ತು, ಕಡಿಯಲೇಬೇಕಾಯಿತು. ಸೌದೆಗೆ ಕೊಡುತ್ತಾರೆ ಅಂತ ನಾನು ಎಣಿಸಿದ್ದೆ. ಬಾವ ಪಾಂಡವಪುರದ ಸಾಮಿಲ್ಲಿಗೆ ಸಾಗಿಸಿ, ಹಲಗೆ ಕೊಯ್ಯಿಸಿ ತಂದರು. ನೋಡಿದರೆ ಅರಿಶಿನದ ಬಣ್ಣ. ಹಲಗೆಗಳನ್ನು ಪಂಪ್‌ಸೆಟ್ಟಿನ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿದರು, ರಸ ಬಿಡಬೇಕಂತೆ. ತೊಟ್ಟಿ ಎರಡೂ ಮನೆಗೆ ಸೇರಿದ್ದು. ನಮ್ಮ ಸರದಿಯಲ್ಲಿ ಭತ್ತದ ಸಸಿಯ ಒಟ್ಟಲು ಪಾತಿಗೆ ಟೀ ಬಣ್ಣದ ನೀರು ಬಂತು, ನನ್ನ ಗಂಡ ಬದುವಿನ ಮೇಲೆ ನಿಂತು ಕೂಗಾಡಿದರು. ಬಾವ ಅದಕ್ಕಿಂತ ದೊಡ್ಡದಾಗಿ ಕೂಗಿದರು. ಪೈರಿಗೆ ಏನೂ ಆಗಲಿಲ್ಲ, ಒಂದು ತೂಕ ಚೆನ್ನಾಗಿಯೇ ಬಂತು. ಅದೂ ನನಗೆ ಸಿಟ್ಟೇ ತಂದಿತು.

ಆಮೇಲೆ ಹಲಗೆಗಳು ನೆರಳಿನಲ್ಲಿ ಒಂದರ ಮೇಲೊಂದು, ನಡುನಡುವೆ ರೀಪಿನ ಪಟ್ಟಿ ಇಟ್ಟು, ಅವರು ರಿಟೈರಾಗುವವರೆಗೂ ಒಣಗಿದವು. ರಿಟೈರಾದ ಮಾರನೆಯ ದಿನವೇ ಹಿತ್ತಲಲ್ಲಿ ಟಾರ್ಪಾಲು ಕಟ್ಟಿ ಕೆಲಸಕ್ಕೆ ಕೂತರು. ಜೀವಮಾನದಲ್ಲಿ ಮರ ಮುಟ್ಟಿದವರಲ್ಲ. ಬಡಗಿಯನ್ನು ಕರೆಸು ಅಂತ ಊರೆಲ್ಲ ಹೇಳಿತು. ಮರದ ಕಟ್ಟೆ ನೀರು ಬಿದ್ದರೆ ಕೊಳೆಯುತ್ತದೆ, ಗೆದ್ದಲು ತಿನ್ನುತ್ತದೆ, ಕಲ್ಲಿನ ಚಪ್ಪಡಿ ಹಾಕಿಸು ಅಂತಲೂ ಹೇಳಿತು. ಅವರು ಯಾರ ಮಾತು ಕೇಳಿದವರು? “ಕಬ್ಬಿಣ ನಾವ್ ಯೋಳ್ದಂಗೆ ಕೇಳ್ತದೆ. ಮರ ಅಂಗಲ್ಲ ಕಣ್ಲಾ, ಅದು ಯೋಳದ ನಾವ್ ಕೇಳ್ಬೇಕು” ಎಂದು ನನ್ನ ಗಂಡನಿಗೆ ಉಪದೇಶ ಮಾಡಿದರು. ಮರ ಏನು ಹೇಳಿತೋ ಕಾಣೆ, ಮೊದಲು ಮಾಡಿದ ಕಪಾಟಿನ ಬಾಗಿಲು ಮೇಲೊಂದು ಕಡೆ ಕೆಳಗೊಂದು ಕಡೆ ನೋಡುತ್ತಿತ್ತು. ಅದನ್ನು ಕೋಳಿಗೂಡಿಗೆ ಹಾಕಿದರು. ನನ್ನ ಅಡುಗೆಮನೆಯ ಕಿಟಕಿ ಅವರ ಹಿತ್ತಲಿಗೇ ತೆರೆಯುತ್ತದೆ, ಎಲ್ಲ ಕಾಣುತ್ತಿತ್ತು. ನಾನು ಕೋಳಿಗೂಡು ನೋಡಿ ನೋಡಿ ನಗುತ್ತಿದ್ದೆ.

ನಗು ನಿಂತದ್ದು ಹೆಪ್ಪಿಗೆಂದು ಅವರ ಮನೆಗೆ ಹೋದ ಒಂದು ಬೆಳಿಗ್ಗೆ. ಅಡುಗೆಮನೆ ಖಾಲಿ ಮಾಡಿ ಗೋಡೆಗೆ ಸುಣ್ಣ ಹೊಡೆದಿದ್ದರು. ಅಕ್ಕ ಗೋಡೆಯ ಪಕ್ಕ ನಿಂತು, ಕೈಯಲ್ಲಿ ಮುದ್ದೆ ಕೋಲು ಹಿಡಿದು, ಇಲ್ಲದ ಪಾತ್ರೆಯಲ್ಲಿ ಇಲ್ಲದ ಮುದ್ದೆ ತಿರುವುತ್ತಿದ್ದಳು. ಬಾವ ಅವಳ ಹಿಂದೆ ಕುಕ್ಕರುಗಾಲಲ್ಲಿ ಕೂತು, ಅವಳ ಮೊಣಕೈ ಎಲ್ಲಿಗೆ ಬರುತ್ತದೆ ನೋಡಿ ಗೋಡೆಗೆ ಪೆನ್ಸಿಲಲ್ಲಿ ಗುರುತು ಹಾಕುತ್ತಿದ್ದರು. ಅವಳಿಗೆ ನಗು ತಡೆಯಲಾಗುತ್ತಿಲ್ಲ.

“ನಗ್ಬ್ಯಾಡ ಕಣೆ, ಗೆರೆ ಅಲ್ಲಾಡ್ತದೆ” ಎಂದರು ಬಾವ. “ದಿನಾ ತಿರುವ್ದಂಗೆ ತಿರುವು. ಬಗ್ಗುದ್ರೆ ಎಷ್ಟು ಬಗ್ತೀಯ ನೋಡ್ಬೇಕು.”

ನಾನು ಹೆಪ್ಪು ಕೇಳದೆ ವಾಪಸ್ಸು ಬಂದೆ. ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಗಿತ್ತು, ಸುಳ್ಳೇಕೆ ಹೇಳಲಿ. ನನ್ನ ಅಳತೆ ತೆಗೆದವರೆಂದರೆ ಈ ಜನ್ಮದಲ್ಲಿ ರವಿಕೆ ಹೊಲಿಯುವವನು ಒಬ್ಬನೇ. ನಮ್ಮ ಮನೆಯ ಅಡುಗೆ ಕಟ್ಟೆಯನ್ನು ಗಾರೆಯವನು ತನ್ನ ಹೊಟ್ಟೆಯ ಎತ್ತರಕ್ಕೆ ಕಟ್ಟಿ ಹೋಗಿದ್ದ. ಎತ್ತರವಾಯಿತಲ್ಲಪ್ಪ ಎಂದರೆ, ಎಲ್ಲರ ಮನೆಗೂ ಇಷ್ಟೇ ಕಣಮ್ಮ ಎಂದಿದ್ದ. ಗೊತ್ತಲ್ಲ, ಮುದ್ದೆ ತಿರುವಲು ಕೈಬಲ ಒಂದೇ ಸಾಲದು, ಮೈಭಾರ ಮೇಲಿನಿಂದ ಕೋಲಿನ ಮೇಲೆ ಬೀಳಬೇಕು. ನಾನು ಆ ಕಟ್ಟೆಯ ಮುಂದೆ ನಿಂತರೆ ಭುಜ ಕಿವಿಗೆ ತಾಗುತ್ತಿತ್ತು. ಹಾಗಾಗಿ ದಿನಾ ಬಿಸಿ ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲಿನಲ್ಲಿ ಒತ್ತಿ ಹಿಡಿದು ತಿರುವುತ್ತಿದ್ದೆ. ಅದನ್ನು ನೋಡುತ್ತಲೇ ನನ್ನ ಗಂಡ ವರ್ಷಗಟ್ಟಲೆ ಊಟ ಮಾಡಿದರು. ಒಳ್ಳೆಯ ಮನುಷ್ಯ, ಕುಡಿತವಿಲ್ಲ, ಬೈಗುಳವಿಲ್ಲ. ಆದರೆ ನನ್ನ ಮೊಣಕೈ ಎಲ್ಲಿದೆ ಅಂತ ಕೇಳಿದರೆ ಎರಡು ಸಲ ಯೋಚನೆ ಮಾಡುವವರು.

ಅವರ ಅಡುಗೆಮನೆ ಮುಗಿಯುವುದರೊಳಗೆ ನಮ್ಮದೂ ಹೊಸದಾಗಬೇಕು ಅಂತ ನಾನು ಹಟ ಹಿಡಿದೆ. ಮೈಸೂರಿನಿಂದ ಹುಡುಗರು ಬಂದು ಮಾಡ್ಯುಲರ್ ಕಿಚನ್ ಕೂರಿಸಿ ಹೋದರು. ಕೆಂಪು ಬಣ್ಣ, ಮುಖ ಕಾಣುವಷ್ಟು ಹೊಳಪು, ಮೆತ್ತಗೆ ತಾವೇ ಮುಚ್ಚಿಕೊಳ್ಳುವ ಡ್ರಾಯರುಗಳು. ಬೀದಿಯವರೆಲ್ಲ ಬಂದು ನೋಡಿದರು. ಗಾರೆಯವನ ಕಟ್ಟೆ ಮಾತ್ರ ಹಾಗೇ ಉಳಿದಿತ್ತು, ಅದರ ಕೆಳಗೆ ಈ ಡಬ್ಬಗಳನ್ನು ತಳ್ಳಿದ್ದರು ಅಷ್ಟೇ. ಬಾವನೂ ಬಂದರು. ಕೆಂಪು ಬಾಗಿಲನ್ನು ಒಂದೇ ಸಲ ಕುಟ್ಟಿದರು.

“ಹೊಟ್ಟು. ಮರದ ಹೊಟ್ಟ ಒತ್ತಿ ಮಾಡವ್ರೆ” ಎಂದರು.

ನೆರೆದ ಹೆಂಗಸರೆಲ್ಲ ನನ್ನ ಮುಖ ನೋಡಿದರು. ಅಷ್ಟಕ್ಕೆ ಸುಮ್ಮನಿರಬಾರದೇ? ನನ್ನ ಕಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. “ನಿನ್ ಮೊಣಕೈ ಎಲ್ಲಿಗ್ ಬತ್ತದವ್ವ?” ಎಂದು ಎಲ್ಲರೆದುರು ಕೇಳಿದರು.

ಕುಳ್ಳಿ ಎಂದು ಆಡಿಕೊಳ್ಳುವುದಕ್ಕೆ ಇದೊಂದು ದಾರಿ ಅಂತ ನನಗೆ ಪಿತ್ತ ನೆತ್ತಿಗೇರಿತು. “ನನ್ ಮೊಣಕೈ ನನ್ ತಾವೇ ಅದೆ ಬಾವ, ಎಲ್ಲಿಗೂ ಹೋಗಿಲ್ಲ” ಎಂದುಬಿಟ್ಟೆ. ಬಾವ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಹೊರಟುಹೋದರು.

ಇನ್ನು ಅವರ ಅಡುಗೆಮನೆಯ ವಿಚಾರ. ಹೇಳುವುದಕ್ಕೆ ನನಗೇನೂ ಇಷ್ಟವಿಲ್ಲ, ಆದರೂ ಹೇಳದೆ ಹೋದರೆ ನನ್ನ ಸಂಕಟ ನಿಮಗೆ ಗೊತ್ತಾಗುವುದಿಲ್ಲ. ಮೂರು ಗೋಡೆಗೂ ಹಲಸಿನ ಹಲಗೆಯ ಕಟ್ಟೆ. ಗ್ಯಾಸಿನ ಒಲೆ ಇಡುವಲ್ಲಿ ಮತ್ತು ನೀರು ಬೀಳುವಲ್ಲಿ ಮಾತ್ರ ಹಳೇ ಒಳಕಲ್ಲಿನ ಪಕ್ಕದಲ್ಲಿದ್ದ ಚಪ್ಪಡಿಯನ್ನೇ ಕತ್ತರಿಸಿ ಕೂರಿಸಿದ್ದರು. ಕಟ್ಟೆ ಒಂದೇ ಎತ್ತರದಲ್ಲಿರಲಿಲ್ಲ. ಹೆಚ್ಚುವ ಕಡೆ ಒಂದು ಎತ್ತರ, ಮುದ್ದೆ ತಿರುವುವ ಕಡೆ ಅದಕ್ಕಿಂತ ತಗ್ಗು. ಆ ತಗ್ಗಿನಲ್ಲಿ ಪಾತ್ರೆಯ ತಳ ಕೂರುವಷ್ಟು ಗುಳಿ ಕೆತ್ತಿದ್ದರು, ಪಾತ್ರೆ ಕೂತರೆ ಅಲ್ಲಾಡುವ ಮಾತೇ ಇಲ್ಲ, ಕವೆಗೋಲು ಬೇಡ. ಕೆಳಗೆ ರಾಗಿ ಹಿಟ್ಟಿಗೊಂದು ಆಳದ ಪೆಟ್ಟಿಗೆ, ಬೇಳೆಗಳಿಗೆ ಡ್ರಾಯರುಗಳು, ಮೇಲೆ ಗೋಡೆಗೆ ಕಪಾಟು. ಅಮಾವಾಸ್ಯೆಗೊಂದು ಸಲ ಬಾವ ಪಂಚೆ ಎತ್ತಿ ಕಟ್ಟಿ ಇಡೀ ಕಟ್ಟೆಗೆ ಹರಳೆಣ್ಣೆ ತಿಕ್ಕುತ್ತಿದ್ದರು. ಅರಿಶಿನದ ಬಣ್ಣ ಬರಬರುತ್ತ ಬೆಲ್ಲದ ಬಣ್ಣಕ್ಕೆ ತಿರುಗಿತು. ಅಕ್ಕ ಅದರ ಮುಂದೆ ನಿಂತು ಮುದ್ದೆ ತಿರುವುವಾಗ ಅವಳ ಬೆನ್ನು ನೆಟ್ಟಗಿರುತ್ತಿತ್ತು, ಕೈ ಸರಾಗವಾಗಿ ಓಡುತ್ತಿತ್ತು, ಜೊತೆಗೆ ಹಾಡು ಬೇರೆ. ನಾನು ನನ್ನ ನೆಲದ ಮೇಲೆ ಪಾತ್ರೆ ಒತ್ತಿಕೊಂಡು ಕೂತು ಆ ಹಾಡು ಕೇಳಬೇಕಾಗಿತ್ತು.

“ಅಡ್ಗೆಮನೆ ಅಂದ್ರೆ ಕಾಲ್ ಮೆಟ್ಟು ಇದ್ದಂಗೆ. ಊರಿಗೆಲ್ಲಾ ಒಂದೇ ಅಳ್ತೆ ಆದಾದೇ?” ಎಂದು ಬಾವ ಬಂದವರಿಗೆಲ್ಲ ಹೇಳುತ್ತಿದ್ದರು. ಅನ್ನ ಬೇಯುವ ಜಾಗವನ್ನು ಚಪ್ಪಲಿಗೆ ಹೋಲಿಸುತ್ತೀರಲ್ಲ ಅಂತ ಅಕ್ಕ ಬೈಯುತ್ತಿದ್ದಳು. ಬೈಯುವಾಗ ಅವಳ ಮುಖದಲ್ಲಿ ಎಂಥ ಕಳೆ ಇರುತ್ತಿತ್ತು ಅಂತ ಕೇಳಬೇಡಿ.

ಒಂದು ಸಲ ಮಾತ್ರ ದೇವರು ನನ್ನ ಕಡೆ ನೋಡಿದ. ಫಿಟ್ಟರ ಕೈ ನೋಡಿ, ಡ್ರಾಯರುಗಳನ್ನು ಮಿಷನ್ನಿನ ಭಾಗ ಕೂರಿಸಿದ ಹಾಗೆ ಕೂದಲು ತೂರದಷ್ಟು ಬಿಗಿಯಾಗಿ ಕೂರಿಸಿದ್ದರು. ಬೇಸಿಗೆಯಲ್ಲಿ ಬೆಣ್ಣೆಯ ಹಾಗೆ ಜಾರುತ್ತಿದ್ದವು. ಆ ವರ್ಷ ಮಳೆ ಹಿಡಿದುಕೊಂಡಿತು, ಮರ ಉಬ್ಬಿತು, ಒಂದು ಡ್ರಾಯರೂ ಬಾಯಿ ಬಿಡಲಿಲ್ಲ. ಹುಣಸೆಹಣ್ಣು, ಬೇಳೆ, ಸಾರಿನ ಪುಡಿ ಎಲ್ಲ ಒಳಗೆ. ಅಕ್ಕ ಬಟ್ಟಲು ಹಿಡಿದು ನಮ್ಮ ಬಾಗಿಲಿಗೆ ಬಂದು ಹುಣಸೆಹಣ್ಣು ಕೇಳಿದಳು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ನನ್ನ ಕೆಂಪು ಡ್ರಾಯರನ್ನು ಅವಳೆದುರು ಒಂದೇ ಬೆರಳಲ್ಲಿ ಎಳೆದು, ಬೇಕಾದ್ದಕ್ಕಿಂತ ಎರಡು ಪಾಲು ಕೊಟ್ಟೆ. ಹಿತ್ತಲಲ್ಲಿ ಬಾವ ದೊಡ್ಡದಾಗಿ ನಗುವುದು ಕೇಳಿಸಿತು. ತಮ್ಮ ತಪ್ಪಿಗೆ ತಾವೇ ಅಷ್ಟು ಜೋರಾಗಿ ನಕ್ಕರೆ ಪಕ್ಕದ ಮನೆಯವರು ನಗುವುದಕ್ಕೆ ಏನು ಉಳಿಯುತ್ತದೆ? ಮಳೆ ನಿಂತ ಮೇಲೆ ಪ್ರತಿಯೊಂದನ್ನೂ ಬಿಚ್ಚಿ, ಅಂಚು ಕೀಸಿ, ಮಳೆಗಾಲಕ್ಕೆಂದು ಜಾಗ ಬಿಟ್ಟು ಕೂರಿಸಿದರು. ಆಮೇಲೆ ಅಕ್ಕ ಹುಣಸೆಹಣ್ಣಿಗೆ ಬರಲಿಲ್ಲ.

ಮಾರ್ಲಮಿ ಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವುದು ನಮ್ಮಲ್ಲಿ ದೊಡ್ಡ ಹಬ್ಬ. ಮನೆ ಪಾಲಾದರೂ ಹಿರಿಯರು ಪಾಲಾಗುವುದಿಲ್ಲ, ಎಡೆ ದೊಡ್ಡವನ ಮನೆಯಲ್ಲೇ. ಇಬ್ಬರು ವಾರಗಿತ್ತಿಯರೂ ಸೇರಿ ಅಡುಗೆ ಮಾಡಬೇಕು. ಆ ಹೊಸ ಅಡುಗೆಮನೆಯಲ್ಲಿ ಮೊದಲ ಎಡೆ. ಶ್ರೀರಂಗಪಟ್ಟಣದಿಂದ ನಾದಿನಿ ಬಂದಿದ್ದಳು, ನೆಂಟರಿಷ್ಟರು ತುಂಬಿದ್ದರು. ನಾನು ಹೆಚ್ಚುವ ಕಟ್ಟೆಯ ಮುಂದೆ ತೋಳೆತ್ತಿಕೊಂಡು ಈರುಳ್ಳಿ ಹೆಚ್ಚುತ್ತಿದ್ದೆ. ಬಾವ ಒಂದು ಉದ್ದನೆಯ ಕಾಲುಮಣೆ ಹಿಡಿದು ಬಂದರು. ಅದೇ ಹಲಸಿನದು, ಕೆಳಗೆ ಎರಡು ಅಡ್ಡಪಟ್ಟಿ, ಮೇಲೆ ನುಣ್ಣಗೆ ತಿಕ್ಕಿದ ಹಲಗೆ. ನನ್ನ ಕಾಲ ಬಳಿ ಇಟ್ಟು, “ತಕ್ಕಳವ್ವ, ಇದು ನಿಂದು” ಎಂದರು.

ನಾದಿನಿ ಕಿಸಕ್ಕೆಂದಳು. ಕುಳ್ಳಿಗೆ ಮಣೆ ಬಂತು ಅಂತ ಅವಳು ಅಂದದ್ದಕ್ಕೆ ನೆಂಟರೆಲ್ಲ ನಕ್ಕರು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಹೆಂಡತಿಗೆ ಒಂದು ಅರಮನೆ ಕಟ್ಟಿ, ನನಗೆ ಜನರೆದುರು ಒಂದು ಮಣೆ! ಬೇಡ ಬಾವ, ನನಗೆ ಹೀಗೇ ಸರಿಯಾಗಿದೆ ಅಂತ ಹೇಳಿ ಕಾಲಿನಿಂದ ಅದನ್ನು ಕಟ್ಟೆಯ ಕೆಳಗೆ ನೂಕಿದೆ. ಸಾಯಂಕಾಲದವರೆಗೂ ತೋಳೆತ್ತಿಕೊಂಡೇ ಹೆಚ್ಚಿದೆ. ಒಂದು ವಾರ ಭುಜ ಬಿದ್ದುಹೋಗಿತ್ತು.

ಆ ಮನುಷ್ಯ ಬೇರೆ ಎಲ್ಲದಕ್ಕೂ ಕೂಗುವವರು ಇದಕ್ಕೆ ಮಾತ್ರ ಏನೂ ಅನ್ನಲಿಲ್ಲ. ಮರುವರ್ಷದ ಎಡೆಯ ದಿನ ನಾನು ಹೋಗುವ ಹೊತ್ತಿಗೆ ಮಣೆ ಒರೆಸಿ, ಎಣ್ಣೆ ತಿಕ್ಕಿ, ಕಟ್ಟೆಯ ಮುಂದೆ ಇಟ್ಟಿತ್ತು. ನಾನು ಒಳಗೆ ನೂಕಿದೆ. ಅದರ ಮುಂದಿನ ವರ್ಷವೂ ಇಟ್ಟಿತ್ತು, ನಾನೂ ನೂಕಿದೆ. ಮಾತಿಲ್ಲದ ಈ ಜಗಳ ಅವರು ಇರುವವರೆಗೂ ನಡೆಯಿತು. ಯಾರೂ ಸೋಲಲಿಲ್ಲ.

ಹೋದ ವರ್ಷ ಅವರಿಗೆ ಎದೆನೋವು ಬಂತು. ಮೈಸೂರಿನ ಆಸ್ಪತ್ರೆಗೆ ನಾನೂ ನೋಡಲು ಹೋಗಿದ್ದೆ. ಕೈಗೆ ಸೂಜಿ ಚುಚ್ಚಿತ್ತು, ಗಂಟಲು ಇಳಿದುಹೋಗಿತ್ತು. ನನ್ನನ್ನು ನೋಡಿ, ಸೂಜಿ ಇಲ್ಲದ ಕೈಯನ್ನು ಮೆಲ್ಲಗೆ ಚಾಚಿ ಮಂಚದ ಪಕ್ಕದ ಕಪಾಟನ್ನು ಕುಟ್ಟಿದರು.

“ಇದೂ ಹೊಟ್ಟೇ ಕಣವ್ವ” ಎಂದರು.

ನಾನು ನಕ್ಕುಬಿಟ್ಟೆ. ಅವರು ನನ್ನ ಜೊತೆ ಆಡಿದ ಕೊನೆಯ ಮಾತು ಅದು.

ತಿಥಿ ಮುಗಿದ ಮೇಲೆ ಅಕ್ಕ ಅಡುಗೆಮನೆಯ ಬಾಗಿಲು ಹಾಕಿಬಿಟ್ಟಳು. ಜಗಲಿಯಲ್ಲಿ ಒಂದು ಸಣ್ಣ ಗ್ಯಾಸ್ ಒಲೆ ಇಟ್ಟುಕೊಂಡು ಒಬ್ಬಳಿಗೆ ಒಂದಿಷ್ಟು ಅನ್ನ ಬೇಯಿಸಿಕೊಳ್ಳುತ್ತಿದ್ದಳು. ಮುದ್ದೆ ಉಣ್ಣದೆ ಇರಲಾರದವಳು ಮುದ್ದೆ ಬಿಟ್ಟಳು. ಕಟ್ಟೆಗೆ ಎಣ್ಣೆ ತಿಕ್ಕುವವರಿಲ್ಲ. ಕಿಟಕಿಯಿಂದ ನೋಡಿದರೆ ಆ ಕಡೆ ಕತ್ತಲು. ಯಾವ ಹಾಡು ಕೇಳಿದರೆ ನನ್ನ ಹೊಟ್ಟೆ ಉರಿಯುತ್ತಿತ್ತೋ ಆ ಹಾಡು ನಿಂತಿತು. ನಿಂತರೆ ತಂಪಾಗಬೇಕಾಗಿತ್ತಲ್ಲ, ಆಗಲಿಲ್ಲ.

ಈ ಸಲ ಮಾರ್ಲಮಿ ಬಂತು. ಎಡೆಯಲ್ಲಿ ಬಾವನದೂ ಒಂದು ಎಲೆ. ಅವರಿಗೆ ಇಷ್ಟವಾದ ಮುದ್ದೆ, ನಾಟಿ ಕೋಳಿ ಸಾರು ಆಗಬೇಕು. ಹಿಂದಿನ ದಿನ ಅಕ್ಕ ನಮ್ಮ ಮನೆಗೆ ಬಂದು ಬೀಗದ ಕೈಯನ್ನು ನನ್ನ ಅಡುಗೆ ಕಟ್ಟೆಯ ಮೇಲಿಟ್ಟಳು.

“ನಂಗಾಗಕಿಲ್ಲ ಕಣಮ್ಮಿ. ಅಲ್ಲಿ ನಿಂತ್ರೆ ಹಿಂದ್ಗಡೆ ಕುಂತು ಗುರ್ತಾಕ್ತಾವ್ರೆ ಅನ್ಸ್ತದೆ” ಎಂದಳು. “ನೀನೇ ಮಾಡ್ಬುಡು. ಇನ್ಮ್ಯಾಕೆ ಆ ಅಡ್ಗೆಮನೆ ನಿಂದೇ ಅನ್ಕೊ. ನಿಂಗೆ ಅದ್ರ ಮ್ಯಾಲೆ ಆಸೆ ಅಂತ ನಂಗೊತ್ತು.”

ಗೊತ್ತಿತ್ತಂತೆ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಬೀಗದ ಕೈ ತೆಗೆದುಕೊಂಡೆ.

ಮಾರನೆಯ ದಿನ ಬೆಳಿಗ್ಗೆಯೇ ಹೋಗಿ ಬಾಗಿಲು ತೆಗೆದೆ. ಹರಳೆಣ್ಣೆಯ ವಾಸನೆ ಇನ್ನೂ ಇತ್ತು. ಧೂಳು ಒರೆಸಿ, ಡ್ರಾಯರುಗಳನ್ನು ಒಂದೊಂದಾಗಿ ಎಳೆದು ನೋಡಿದೆ, ಮುಚ್ಚಿದೆ. ಇಷ್ಟು ವರ್ಷ ಇದರೊಳಗೆ ನಾನು ಕೈ ಆಳು, ಈ ದಿನ ಯಜಮಾನಿ. ಸಾರಾಯಿತು, ಪಲ್ಯವಾಯಿತು. ಕೊನೆಗೆ ಮುದ್ದೆ. ಈ ಮನೆಯ ಎಡೆಗೆ ಮುದ್ದೆ ತಿರುವುತ್ತಿದ್ದವಳು ಯಾವಾಗಲೂ ಅಕ್ಕನೇ, ಆ ಗುಳಿಯ ಮುಂದೆ ನಾನು ಒಂದು ದಿನವೂ ನಿಂತವಳಲ್ಲ. ಹಿಟ್ಟು ಬೆಂದ ಪಾತ್ರೆಯನ್ನು ಇಳಿಸಿ ಅದರಲ್ಲಿ ಕೂರಿಸಿದೆ. ಅಲ್ಲಾಡದೆ ಕೂತಿತು. ಕೋಲು ಹಿಡಿದು ನಿಂತೆ.

ಭುಜ ಕಿವಿಗೆ ತಾಗಿತು. ನಮ್ಮ ಮನೆಯಲ್ಲಿ ಆಗುವಷ್ಟು ಅಲ್ಲ, ಆದರೂ ಎತ್ತರವೇ. ಭಾರ ಕೋಲಿನ ಮೇಲೆ ಬೀಳದು, ಕೋಲು ಒಂದು ಕಡೆಯ ಹಿಟ್ಟನ್ನು ಇನ್ನೊಂದು ಕಡೆಗೆ ನೂಕುವುದಷ್ಟೇ. ಹಿಟ್ಟು ಗಂಟಾಗತೊಡಗಿತು. ತುದಿಗಾಲಲ್ಲಿ ನಿಂತೆ, ಸೆರಗು ಬಿಗಿದೆ, ಆಗಲಿಲ್ಲ. ಹೊರಗೆ ಎಲೆ ಹಾಕಿ ಎಲ್ಲರೂ ಕಾಯುತ್ತಿದ್ದಾರೆ. ಸತ್ತವರ ಮೊದಲ ಎಡೆಗೆ ಗಂಟು ಮುದ್ದೆ ಇಡುವ ಗತಿ ಬಂತಲ್ಲ ಅಂತ ಕಣ್ಣಲ್ಲಿ ನೀರು ಬಂತು. ವರ್ಷಗಟ್ಟಲೆ ಆಸೆಪಟ್ಟದ್ದು ಕೈಗೆ ಸಿಕ್ಕಿದೆ, ನನ್ನ ಕೈ ಅದಕ್ಕೆ ಎಟುಕುತ್ತಿಲ್ಲ. ಪ್ರತಿ ಹಲಗೆಯೂ ಅವಳ ಅಳತೆಯದು. ಬೀಗದ ಕೈ ಕೊಟ್ಟರೆ ಅಳತೆಯನ್ನೂ ಕೊಟ್ಟ ಹಾಗಾಗುತ್ತದೆಯೇ?

ನನ್ನ ಗಂಡ ಬಾಗಿಲಲ್ಲಿ ಇಣುಕಿದರು. ನಾನು ಒದ್ದಾಡುವುದನ್ನು ನೋಡಿ, “ಎತ್ರಾಯ್ತದಾ? ಕಟ್ಟೆ ಕಾಲ ನಾಳೆ ಕುಯ್ಸ್ಬುಡಾನ ಬುಡು” ಎಂದರು. ಅವರನ್ನು ನೋಡಿದ ನೋಟಕ್ಕೆ ಅವರು ಹಿಂದಕ್ಕೆ ಸರಿದರು.

ಆಗ ಅಕ್ಕ ಒಳಗೆ ಬಂದಳು. ವರ್ಷದಿಂದ ಆ ಹೊಸ್ತಿಲು ದಾಟದವಳು ನೇರವಾಗಿ ಬಂದು, ಬಗ್ಗಿ, ಕಟ್ಟೆಯ ಕೆಳಗೆ ಕೈ ಹಾಕಿ ಆ ಕಾಲುಮಣೆಯನ್ನು ಎಳೆದಳು. ಸೆರಗಿನಿಂದ ಧೂಳು ಒರೆಸಿ ನನ್ನ ಕಾಲ ಮುಂದಿಟ್ಟಳು.

“ಮ್ಯಾಕತ್ತು” ಎಂದಳು.

ಈ ಸಲ ನೂಕಲಿಲ್ಲ, ಹತ್ತಿದೆ. ಭುಜ ಇಳಿಯಿತು. ಮೊಣಕೈ ತಾನಾಗಿ ಮಡಚಿ ಪಾತ್ರೆಯ ಬಾಯಿಗೆ ಸರಿಯಾಗಿ ನಿಂತಿತು. ಕೋಲು ಒಂದು ಸುತ್ತು ತಿರುಗಿತು, ಇನ್ನೊಂದು ಸುತ್ತು ತಿರುಗಿತು, ಮೈಭಾರ ಪೂರ್ತಿ ಅದರ ಮೇಲೆ ಬಿತ್ತು. ಗಂಟುಗಳು ಒಡೆದವು. ಮಣೆಯ ಎತ್ತರ ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ.

ನನ್ನ ಅಳತೆ ಬಾವನಿಗೆ ಹೇಗೆ ಗೊತ್ತಾಯಿತು ಅಂತ ಕೇಳಿದೆ. ತಿರುವುತ್ತಲೇ ಕೇಳಿದೆ, ಅವಳ ಮುಖ ನೋಡಲಿಲ್ಲ.

“ಕೇಳುದ್ರೆ ನೀನು ಕೊಡ್ನಿಲ್ವಲ್ಲ” ಎಂದಳು ಅಕ್ಕ. “ಮನೆಗ್ ಬಂದು ನನ್ನ ನಿಲ್ಸಿ, ಅವಳ ಮೊಣಕೈ ನಿಂಗೆ ಎಲ್ಲಿಗ್ ಬತ್ತದೆ ತೋರ್ಸು ಅಂದ್ರು. ಎಷ್ಟ್ ವರ್ಸ ಒಂದೇ ಅಡ್ಗೆಮನೇಲಿ ನಿನ್ ಪಕ್ಕ ಓಡಾಡಿವ್ನಿ, ನಂಗೊತ್ತಾಗಕಿಲ್ವಾ? ಸೊಂಟದ ತಾವು ಬೆರ್ಳಿಟ್ಟು ತೋರಿಸ್ದೆ.”

ಬಗ್ಗಿ ಮಣೆಯ ಅಂಚನ್ನು ಸವರಿ ಮತ್ತೆ ಅವಳೇ ಹೇಳಿದಳು: “ಆ ಹಲ್ಗೆ ಮರದ ಚೇಗು ಕಣಮ್ಮಿ, ಒಳಗಿನ ಗಟ್ಟಿ ತಿರುಳು. ಇಡೀ ಮರದಾಗೆ ಅಂಥಾದ್ದು ಒಂದೇ ಸಿಕ್ಕಿದ್ದು. ನನ್ ಕಟ್ಟೆಗಾಕಿ ಅಂತ ಬಡ್ಕಂಡೆ. ನಿಂತ್ಕಳೋ ಜಾಗ ಸವೀಬಾರ್ದು ಅಂದ್ಬುಟ್ಟು ನಿಂಗೆ ಮಣೆ ಮಾಡುದ್ರು. ಅವತ್ತು ನಂಗೆ ಎಷ್ಟ್ ಹೊಟ್ಟೆ ಉರೀತು ಗೊತ್ತಾ?”

ಅವಳಿಗೂ ಹೊಟ್ಟೆ ಉರಿದಿತ್ತಂತೆ, ಈ ಮಣೆಗೆ. ಕೇಳಿ ನನಗಾದ ಸಂತೋಷವನ್ನು ಎಡೆಯ ದಿನ ತೋರಿಸಬಾರದು ಅಂತ ತಲೆ ತಗ್ಗಿಸಿ ತಿರುವಿದೆ. ಮುದ್ದೆ ಬೆಣ್ಣೆಯಂತಾಗಿತ್ತು. ಅಕ್ಕ ಕೈಗೆ ನೀರು ಹಚ್ಚಿಕೊಂಡು ಉಂಡೆ ಕಟ್ಟಿದಳು, ಮೊದಲನೆಯದನ್ನು ಬಾವನ ಎಲೆಗೆ ಇಟ್ಟೆವು. ಯಾರೂ ನೋಡದಾಗ ವಾಪಸ್ಸು ಬಂದು ಆ ಮಣೆಯನ್ನು ಬೆರಳ ಗಂಟಿನಿಂದ ಕುಟ್ಟಿ ಕಿವಿಗೊಟ್ಟೆ. ಹೊಟ್ಟಲ್ಲ.

ಮಣೆಯನ್ನು ನಿನ್ನ ಮನೆಗೇ ತೆಗೆದುಕೊಂಡು ಹೋಗು ಅಂತ ಅಕ್ಕ ಆಮೇಲೆ ಹೇಳಿದಳು. ನಾನು ಒಪ್ಪಲಿಲ್ಲ. ಬೀಗದ ಕೈಯನ್ನೂ ಅವಳ ಕೈಯಲ್ಲೇ ಇಟ್ಟು ಬಂದೆ. ಭಾನುವಾರ ಭಾನುವಾರ ಹೋಗುತ್ತೇನೆ. ಅಮಾವಾಸ್ಯೆಗೆ ಇಬ್ಬರೂ ಸೇರಿ ಕಟ್ಟೆಗೆ ಎಣ್ಣೆ ತಿಕ್ಕುತ್ತೇವೆ. ಮುದ್ದೆ ಈಗ ಮತ್ತೆ ಅವಳೇ ತಿರುವುತ್ತಾಳೆ, ನಾನು ಮಣೆಯ ಮೇಲೆ ನಿಂತು ಸೊಪ್ಪು ಹೆಚ್ಚುತ್ತೇನೆ. ಮೊನ್ನೆ ಅರ್ಧ ಹಾಡು ಹೇಳಿ ನಿಲ್ಲಿಸಿದಳು. ಅವಳು ಬರೀ ನೆಲದ ಮೇಲೆ ನಿಂತರೆ ಸಾಕು, ಇಡೀ ಕಟ್ಟೆ ಅವಳ ಕೈಗೆ ಬಂದಿರುತ್ತದೆ. ನಾನು ಹತ್ತಿ ನಿಲ್ಲಬೇಕು.

ಏನೇ ಅನ್ನಿ ಬಾವ, ನೀವು ದೇವರಂಥ ಮನುಷ್ಯರೇನೂ ಅಲ್ಲ. ಅವಳಿಗೆ ಅಷ್ಟು ದೊಡ್ಡ ಕಟ್ಟೆ, ನನಗೆ ಒಂದು ಮಣೆ.